ಸೊನ್ನೆಗೆ ಕೆಲಸ ಕೊಡಬೇಡಿ

"ಆಂಟಿ, ಆ ಪುಸ್ತಕ ಬೇಡ, ಒಂದ್ನಿಮಿಷ" ಎನ್ನುತ್ತ ಲಾನಕ್ಕನ ಆಫೀಸಿನ ಹುಡುಗ ಬೂನ್ ಕಿಯಾತ್ ಬೆಂಕಿಯ ಡಬ್ಬಿಗೆ ಅಡ್ಡ ಕೈ ಚಾಚಿದ.

ಮಲೇಷಿಯಾದ ಪಿನಾಂಗಿನ ಆ ಫ್ಲಾಟುಗಳ ಕೆಳಗೆ ಶಾಮಿಯಾನ ಹಾಕಿ ಲಾನಕ್ಕನ ಶವಪೆಟ್ಟಿಗೆ ಇಟ್ಟಿದ್ದರು. ಮೊನ್ನೆ ಬೆಳಿಗ್ಗೆ ಆಫೀಸಿನ ಬಸ್ಸಿಗೆ ಕಾಯುತ್ತ ನಿಂತವರು ಹಾಗೇ ಕುಸಿದಿದ್ದರು. ಸತ್ತವರಿಗೆ ತಲುಪಲಿ ಎಂದು ಅವರ ಅಕ್ಕ ಹಾಂಗ್ ಕಾಗದದ ಚಿನ್ನ, ಕಾಗದದ ಮನೆ ಎಲ್ಲ ಸುಟ್ಟು ಈಗ ತಂಗಿಯ ಆಫೀಸಿನ ಟಿಪ್ಪಣಿ ಪುಸ್ತಕಕ್ಕೆ ಬಂದಿದ್ದರು.

"ಇಪ್ಪತ್ತು ವರ್ಷದಿಂದ ನನ್ನ ತಂಗೀನ ತಿಂದಿದ್ದು ಇದೇ ಕೆಲಸ. ಅಲ್ಲೂ ಬೇಕಾಗತ್ತೆ ಅವಳಿಗೆ. ನಿನಗ್ಯಾಕೋ?"

"ಶುಕ್ರವಾರ ನಮ್ಮ ಚಿಪ್‌ನ ನಕ್ಷೆ ಕಾರ್ಖಾನೆಗೆ ಹೋಗತ್ತೆ ಆಂಟಿ. ಅದರಲ್ಲಿ ಒಂದು ಜಾಗ ಸಿಕ್ಕಿದೆ ಅಂತ ಲಾನಕ್ಕ ಅಂದಿದ್ರು, ಎಲ್ಲಿ ಅಂತ ಹೇಳ್ಲಿಲ್ಲ."

ಹಾಂಗ್ ಪುಸ್ತಕವನ್ನು ಅವನ ಎದೆಗೆ ತುರುಕಿದರು.

*

ಆಸ್ಪತ್ರೆಯಲ್ಲಿ ರೋಗಿಗೆ ಔಷಧಿ ಹನಿಸುವ ಪಂಪನ್ನು ನಡೆಸುವ ಚಿಪ್ ಅದು. ಅದು ಪಾಲಿಸುವ ಆದೇಶಕ್ಕೆಲ್ಲ ಸೊನ್ನೆ-ಒಂದುಗಳ ಒಂದೊಂದು ಸಂಕೇತ ಬೇಕು; ಇದ್ದದ್ದು ಅರವತ್ತನಾಲ್ಕೇ ಜಾಗ.

"ಬರೀ ಸೊನ್ನೆ ಇರೋ ಸಂಕೇತಕ್ಕೆ ಕೆಲಸ ಕೊಡಬೇಡಿ" ಎಂದು ಲಾನಕ್ಕ ಮೂರು ತಿಂಗಳ ಹಿಂದೆ ಮೀಟಿಂಗಿನಲ್ಲಿ ಹಟ ಹಿಡಿದಿದ್ದರು. "ಪ್ರೋಗ್ರಾಂ ದಾರಿ ತಪ್ಪಿ ಖಾಲಿ ಮೆಮೊರಿಗೆ ಹೋದ್ರೆ ಅಲ್ಲಿರೋದು ಸೊನ್ನೇನೆ. ಯಂತ್ರ ಅಲ್ಲೇ ನಿಲ್ಲಬೇಕು. ಸುಮ್ನೆ ಅಂಕಿ ಕೂಡ್ತಾ ಹೋದ್ರೆ ರೋಗಿ ಗತಿ ಏನು?"

"ಆದೇಶಾನೂ ಅರವತ್ನಾಲ್ಕು, ಜಾಗಾನೂ ಅರವತ್ನಾಲ್ಕು. ಒಂದನ್ನ ಖಾಲಿ ಕೂರಿಸಿ ಸಾಕೋದಕ್ಕೆ ಇದೇನು ಧರ್ಮಛತ್ರಾನಾ?" ಎಂದರು ಮ್ಯಾನೇಜರ್ ಯೀಪ್. ಅಂಕಿಗಳನ್ನು 'ಕೂಡು' ಎಂಬ ಆದೇಶವನ್ನು ಸೊನ್ನೆಗೇ ಕೊಟ್ಟು, ಒಪ್ಪುವವರು ಕೈ ಎತ್ತಿ ಎಂದರು. ಬೂನ್ ಕಿಯಾತನೂ ಎತ್ತಿದ. ಅರವತ್ತನಾಲ್ಕನೆಯ ಆದೇಶ ಅವನು ರೂಪಿಸಿದ್ದು; ಒಂದನ್ನು ಬಿಡಬೇಕಾಗಿ ಬಂದರೆ ಅದಕ್ಕೇ ಕುತ್ತು ಬರಬಹುದಿತ್ತು. ನಾಲ್ಕು ವರ್ಷ ದುಡಿದದ್ದಕ್ಕೆ ನನ್ನದು ಎಂದು ಹೇಳಿಕೊಳ್ಳಲು ಅದೊಂದೇ ಇತ್ತು. ಲಾನಕ್ಕ ಅವನ ಕೈಯನ್ನು ನೋಡಿ ತಮ್ಮ ಪುಸ್ತಕ ಮುಚ್ಚಿದರು.

*

ಶಾಮಿಯಾನದಲ್ಲೇ ಕೂತು ಹುಡುಕಿದಾಗ ಆ ಜಾಗ ಪುಸ್ತಕದ ಕೊನೆಯ ಪುಟದಲ್ಲಿ ಸಿಕ್ಕಿತು. ಪೆನ್ಸಿಲಿನಲ್ಲಿ ಅರವತ್ತನಾಲ್ಕು ಚೌಕ. ಬೂನ್ ಕಿಯಾತನ ಆದೇಶಕ್ಕೆ ಸುತ್ತು ಹಾಕಿ ಲಾನಕ್ಕ ಬರೆದಿದ್ದರು: ಬೇರೆ ಎರಡು ಆದೇಶಗಳನ್ನು ಒಂದರ ಹಿಂದೊಂದು ಕೊಟ್ಟರೆ ಇದರ ಕೆಲಸವೂ ಆಗುತ್ತದೆ. ಇದನ್ನು ತೆಗೆದರೆ 'ಕೂಡು' ಇಲ್ಲಿಗೆ ಬರಬಹುದು, ಸೊನ್ನೆ ಖಾಲಿ ಉಳಿಯುತ್ತದೆ. ಕೆಳಗೆ, 'ಬೂನ್ ಕಿಯಾತನನ್ನು ಕೇಳಬೇಕು.' ತಾರೀಖು ಎರಡು ತಿಂಗಳ ಹಿಂದಿನದು.

ಅವನಿಗೆ ಮೈಯೆಲ್ಲ ಉರಿಯಿತು. ಎರಡು ತಿಂಗಳು ದಿನಾ ಇಬ್ಬರೂ ಎದುರೆದುರು ಕೂತು ಊಟ ಮಾಡಿದ್ದರು.

"ಬಾಯಿಬಿಟ್ಟು ಒಂದ್ಮಾತು ಕೇಳೋಕೆ ಏನಾಗಿತ್ತು ಇವರಿಗೆ?"

"ಕೇಳಿದ್ರೆ ಕೊಡ್ತಿದ್ಯಾ?" ಎಂದರು ಹಾಂಗ್.

ಕೊಡುತ್ತಿರಲಿಲ್ಲ. ಅದು ಲಾನಕ್ಕನಿಗೂ ಗೊತ್ತಿದ್ದಿರಬೇಕು.

ಪುಟದ ಫೋಟೊ ತೆಗೆದು ಅವನು ಯೀಪರ ಹತ್ತಿರ ಹೋದ. ಶಾಮಿಯಾನದ ಇನ್ನೊಂದು ಮೂಲೆಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ ಅವರು ಫೋಟೊವನ್ನು ಎರಡು ಸಲ ನೋಡಿದರು.

"ನಿನ್ನ ಆದೇಶಾನೇ ತೆಗೀತೀಯಾ? ಆಮೇಲೆ ನನ್ನ ಹತ್ರ ಬಂದು ಗೋಳಾಡಬಾರದು."

"ಇಲ್ಲ ಸರ್."

"ಪರೀಕ್ಷೆಯೆಲ್ಲ ಮತ್ತೆ ಮೊದಲಿಂದ. ಶುಕ್ರವಾರದವರೆಗೆ ಮನೆ ಮರೆತುಬಿಡು" ಎಂದು ಗೊಣಗುತ್ತ ಯೀಪ್ ಆಫೀಸಿಗೆ ಫೋನ್ ಹಚ್ಚಿದರು.

ಬೂನ್ ಕಿಯಾತ್ ವಾಪಸು ಬಂದು ತನ್ನ ಚೌಕವನ್ನು ಪೆನ್ನಿನಿಂದ ಹೊಡೆದು ಹಾಕಿದ. 'ಕೇಳಬೇಕು' ಎಂಬುದರ ಕೆಳಗೆ 'ಕೊಟ್ಟೆ' ಎಂದು ಬರೆದು, ಪುಟ ಹರಿದು ಹಾಂಗ್ ಕೈಗಿತ್ತ. ಅವರು ಅದನ್ನು ಓದದೆ ಮಡಚಿ ಬೆಂಕಿಗೆ ಹಾಕಿದರು.