ಬಾಯಿಪಾಠದ ಚಿತ್ರಗಳು

ಏಳನೇ ತಿಂಗಳು ತುಂಬುವ ಹೊತ್ತಿಗೆ ಅವಳ ಎಡಗಣ್ಣು ಕೈಕೊಟ್ಟಿತು. ಚಿಕ್ಕಂದಿನಿಂದ ಅಂಟಿಕೊಂಡಿದ್ದ ಸಕ್ಕರೆ ಕಾಯಿಲೆ ಕಣ್ಣೊಳಗಿನ ಸಣ್ಣ ರಕ್ತನಾಳಗಳನ್ನು ಮೊದಲೇ ಸಡಿಲ ಮಾಡಿತ್ತು. ಬಸುರಾದ ಮೇಲೆ ಅದು ಇನ್ನೂ ಹೆಚ್ಚಿತು. ಕಣ್ಣಿನ ಡಾಕ್ಟರು ಲೇಸರ್ ಹಾಕಿ, "ಬಲಗಣ್ಣು ಉಳೀಬಹುದು, ಉಳೀದೇನೂ ಇರಬಹುದು. ಬಗ್ಗಬೇಡಿ, ಭಾರ ಎತ್ತಬೇಡಿ" ಅಂದರು. ಪರದೆ ಅಂಗಡಿಯಲ್ಲಿ ಹೊಲಿಗೆ ಹಾಕುತ್ತಿದ್ದವಳು ಕೆಲಸ ಬಿಟ್ಟಳು.

ಮನೆಯಲ್ಲಿ ಒಬ್ಬಳೇ ಕೂತರೆ ಹುಚ್ಚು ಹಿಡಿಯುವ ಹಾಗಾಗುತ್ತಿತ್ತು. ಬೀದಿಯ ತುದಿಯಲ್ಲಿದ್ದ ಮಕ್ಕಳ ಪುಸ್ತಕದಂಗಡಿಗೆ ಹೋಗತೊಡಗಿದಳು. ತೆರೆದ ಕೂಡಲೇ ಕಾಗದದ ಆನೆ ಎದ್ದು ನಿಲ್ಲುವ ಪುಸ್ತಕ, ಅದುಮಿದರೆ ವಟಗುಟ್ಟುವ ಬಟ್ಟೆಯ ಕಪ್ಪೆ, ದಾರ ಎಳೆದರೆ ಚಿಪ್ಪು ಗಿರಗಿರ ತಿರುಗುವ ಮರದ ಬಸವನಹುಳು. ಅಂಗಡಿಯ ಹೆಂಗಸು ಗಿರಾಕಿಗಳಿಗಿಂತ ಗೊಂಬೆಗಳ ಜೊತೆ ಹೆಚ್ಚು ಮಾತಾಡುವವಳು. ದಿನಾ ಬಂದು ಅದೇ ಪುಸ್ತಕಗಳನ್ನು ಮೂಗಿಗೆ ಹತ್ತಿರ ಹಿಡಿದು ನೋಡುವವಳನ್ನು ಕಂಡು ನಕ್ಕಳು.

"ಮಗು ಹುಟ್ಟೋಕೆ ಮುಂಚೆನೇ ಲೈಬ್ರರಿ ಇಡ್ತೀಯೇನಮ್ಮಾ?"

"ಮಗೂಗಲ್ಲ ಅಕ್ಕ, ಈಗ ನನಗೆ. ಕಣ್ಣು ಹೋಗೋದ್ರೊಳಗೆ ಚಿತ್ರ ಎಲ್ಲ ಬಾಯಿಪಾಠ ಮಾಡ್ಕೋಬೇಕು."

ಆ ಹೆಂಗಸಿನ ನಗು ಅಲ್ಲಿಗೇ ನಿಂತಿತು. ಸ್ಟೂಲೊಂದನ್ನು ಕಿಟಕಿಯ ಬೆಳಕಿಗೆ ಎಳೆದು ಹಾಕಿದಳು.

ಅವಳು ಮೊದಲು ಆರಿಸಿಕೊಂಡದ್ದು ನಿದ್ದೆ ಬಾರದ ನೀರಾನೆಯ ಪುಸ್ತಕ. ಪಾಪ, ಆ ನೀರಾನೆ ಪುಟಕ್ಕೊಂದು ಕಡೆ ಮಲಗಿ ನೋಡುತ್ತದೆ, ಎಲ್ಲೂ ಹಿಡಿಸುವುದಿಲ್ಲ. ಸ್ನಾನ ಮಾಡುವಾಗ, ಪಾತ್ರೆ ತೊಳೆಯುವಾಗ, ಕಣ್ಣು ಮುಚ್ಚಿ ಒಪ್ಪಿಸಿಕೊಳ್ಳುತ್ತಿದ್ದಳು. ಲಿಫ್ಟ್ ರಿಪೇರಿ ಮಾಡುವ ಗಂಡ ಸಂಜೆ ಮನೆಗೆ ಬಂದರೆ ಸಾಕು, ಪುಸ್ತಕ ಅವನ ಕೈಗೆ ತುರುಕಿ ಪರೀಕ್ಷೆ ಮಾಡಿಸಿಕೊಳ್ಳುವಳು.

"ಬಸ್ಸಿನ ಮೇಲೆ ಮಲಗಿದೆ. ಒಂದು ಕಾಲು ಕಿಟಕಿಗೆ ಇಳಿಬಿದ್ದಿದೆ. ಕಂಡಕ್ಟರ್ ಟೋಪಿ ಕೆಂಪು."

"ನೀಲಿ" ಅಂದ ಅವನು.

ಅವಳು ತಲೆ ತಲೆ ಚಚ್ಚಿಕೊಂಡಳು.

"ಅಯ್ಯೋ, ಟೋಪಿ ಯಾವ ಬಣ್ಣ ಇದ್ರೆ ಏನೇ? ಪ್ರಪಂಚ ಮುಳುಗುತ್ತಾ?"

"ಮಗು ಬೆರಳಿಟ್ಟು ಕೇಳುತ್ತೆ ರೀ. ಇದೇನಮ್ಮಾ ಅಂತ. ಆಗ ಮಿಕಮಿಕ ನೋಡ್ತಾ ಕೂತಿರ್ಲಾ? ನೋಡೋಕೂ ಆಗಲ್ವಲ್ಲ ಆಗ!"

"ನಾನಿದೀನಲ್ಲ. ನಾನು ಓದಿ ಹೇಳ್ತೀನಿ."

"ನೀವು ಓದಿದ್ರೆ ನೀವು ಅಪ್ಪ ಆಗ್ತೀರಿ. ನಾನೇನಾಗ್ಲಿ?"

ಅವನು ಎದ್ದು ಹೋಗಿ, ಸರಿಯಾಗೇ ಇದ್ದ ನಲ್ಲಿಯನ್ನು ಬಿಚ್ಚಿ ರಿಪೇರಿ ಮಾಡುತ್ತಾ ಕೂತ.

ಒಂದು ಬೆಳಿಗ್ಗೆ ಅಂಗಡಿಯ ಕಿಟಕಿ ಬಳಿ ಅವಳು ನೀರಾನೆ ಕುಂಬಳಕಾಯಿಯೊಳಗೆ ಮಲಗಿದ ಪುಟ ತೆರೆದಿದ್ದಳು. ಪುಟದ ಮೇಲೆ ಯಾರೋ ಶಾಯಿ ಚೆಲ್ಲಿದ ಹಾಗೆ ಕಂಡಿತು. ತೋಳಿನಿಂದ ಒರೆಸಿದಳು. ಶಾಯಿ ಎಳೆಎಳೆಯಾಗಿ ಕೆಳಗಿಳಿಯಿತು.

"ಅಕ್ಕ, ಇದರ ಮೇಲೆ ಏನೋ ಚೆಲ್ಲಿದೆ."

"ಪುಟ ಚೆನ್ನಾಗೇ ಇದೆಯಲ್ಲಮ್ಮಾ..."

ಆಗ ಅವಳಿಗೆ ಗೊತ್ತಾಯಿತು. ಕಿರುಚಲಿಲ್ಲ. ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡಳು, ದೂರ ಹಿಡಿದಳು, ಓರೆ ಮಾಡಿದಳು. ಆಮೇಲೆ ಆ ಹೆಂಗಸಿನ ಕೈ ಹಿಡಿದು ಜಗ್ಗಿದಳು. "ಕೊನೇ ಪುಟದಲ್ಲಿ ಏನಿದೆ? ಬೇಗ ಹೇಳಿ ಅಕ್ಕ! ಅದನ್ನಿನ್ನೂ ಕಲಿತಿಲ್ಲ ನಾನು!"

"ಅಮ್ಮನ ಹೊಟ್ಟೆ ಮೇಲೆ ಮಲಗಿದೆ ಕಣಮ್ಮಾ" ಅಂದಳು ಆ ಹೆಂಗಸು. "ಮೊದಲು ಆಸ್ಪತ್ರೆಗೆ ನಡಿ."

ಗಂಡ ಕೈಗೆ ಅಂಟಿದ ಗ್ರೀಸ್ ಸಮೇತ ಓಡಿ ಬಂದ. ಬಲಗಣ್ಣಿನ ತುಂಬ ರಕ್ತ ಇಳಿದಿದೆ, ಹೆರಿಗೆಗೆ ಮುಂಚೆ ಏನೂ ಮಾಡುವಂತಿಲ್ಲ ಎಂದರು ಡಾಕ್ಟರು. ಅವಳ ರಕ್ತದೊತ್ತಡವೂ ಏರಿ ಕೂತಿದ್ದರಿಂದ ಕಾಯದೆ ಆಪರೇಷನ್ ಮಾಡಿ ಮಗುವನ್ನು ಹೊರಗೆ ತೆಗೆದರು.

ಮಗು ಅತ್ತಿತು. "ನೋಡಿ, ಹೆಣ್ಣುಮಗು" ಎಂದು ನರ್ಸ್ ಅವಳ ಮುಖದ ಹತ್ತಿರ ಹಿಡಿದಳು. ಕಂದು ಮಂಜಿನೊಳಗೆ ತುಸು ತಿಳಿಯಾದ ಒಂದು ಉಂಡೆ. ಅಷ್ಟೇ. ಪುಸ್ತಕದ ಚಿತ್ರಗಳನ್ನಾದರೆ ಮೊದಲೇ ನೋಡಿಟ್ಟುಕೊಂಡಿದ್ದಳು. ಈ ಮುಖವನ್ನು ಎಲ್ಲಿ ನೋಡಿಟ್ಟುಕೊಳ್ಳುವುದು?

ಗಂಡನನ್ನು ಒಳಗೆ ಬಿಟ್ಟ ಕೂಡಲೇ ಕೇಳಿದಳು: "ರೀ, ಹೇಗಿದಾಳೆ? ಹೇಳಿ."

"ಚೆನ್ನಾಗಿದಾಳೆ."

"ಚೆನ್ನಾಗಿದಾಳೆ ಅಂದ್ರೆ ಏನ್ರೀ! ಎಲ್ಲ ಮಕ್ಕಳಿಗೂ ಅದನ್ನೇ ಹೇಳ್ತಾರೆ!" ಅವಳ ದನಿಗೆ ನರ್ಸ್ ಬೆಚ್ಚಿಬಿದ್ದಳು.

ಅವನು ಬಗ್ಗಿದ. ಕೆಟ್ಟ ಮೋಟಾರಿನೊಳಗೆ ಇಣುಕುವ ಹಾಗೆ ಮಗುವಿನ ಮುಖ ನೋಡಿದ. "ಹುಬ್ಬಿಲ್ಲ... ಇದೆ, ಕಾಣಿಸಲ್ಲ. ಮೂಗು ಸ್ವಲ್ಪ ಒತ್ತಿದ ಹಾಗಿದೆ. ಎಡ ಕಿವಿ ಮಡಚಿಕೊಂಡಿದೆ. ಬಾಯಿ..."

"ಬಾಯಿ?"

"ನನ್ನ ಮೇಲೆ ಸಿಟ್ಟು ಬಂದಾಗ ನೀನು ಮಾಡ್ತೀಯಲ್ಲ, ಹಾಗೆ."

ನಗಬೇಕೋ ಅಳಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು.

ಮುಂದೆ ಬಲಗಣ್ಣಿಗೆ ಆಪರೇಷನ್ ಆಯಿತು. ಕಿಟಕಿಯ ಬೆಳಕು, ಎದುರು ನಿಂತವರ ನೆರಳು, ಇಷ್ಟು ಉಳಿಯಿತು. ಕೆಲವು ದಿನ ಅವಳು ಗೋಡೆಗೆ ಮುಖ ಹಾಕಿ ಮಲಗಿಬಿಡುತ್ತಾಳೆ. ಆಗ ಮಗು ಅತ್ತರೆ ಗಂಡನೇ ಎತ್ತಿಕೊಳ್ಳಬೇಕು. ಉಳಿದ ದಿನ ಅವನು ಬಾಗಿಲು ದೂಡುತ್ತಿದ್ದಂತೆ ಕೂಗುತ್ತಾಳೆ:

"ಕೈ ತೊಳ್ಕೊಂಡು ಬಂದು ನೋಡ್ರೀ. ಇವತ್ತು ಮುಖದಲ್ಲಿ ಏನು ಹೊಸದು?"

"ತಡಿ ಮಾರಾಯ್ತಿ, ಚಪ್ಪಲಿ ಬಿಡ್ತೀನಿ" ಅನ್ನುತ್ತಾನೆ ಅವನು, ಆಗಲೇ ತೊಟ್ಟಿಲ ಕಡೆ ನಡೆಯುತ್ತಾ.