ಬಲಕ್ಕೆ ಸುತ್ತುವವಳು

ಐಸ್ ಸ್ಕೇಟಿಂಗ್ ಆಡುವ ನಮ್ಮ ರಿಂಕಿನಲ್ಲಿ ಎಲ್ಲರೂ ‘ತಿರುಗಾಮುರುಗಿ’ ಎಂದೇ ಕರೆಯುತ್ತಿದ್ದ ಅವಳಿಗೆ, ನಾನು ಹೇಳಹೊರಟಿರುವ ಆ ವರ್ಷ, ಇಪ್ಪತ್ತೇಳು ತುಂಬಿತ್ತು. ತಂದೆ ನಗರದ ಬಸ್ಸಿನ ಚಾಲಕ, ತಾಯಿ ಲಾಂಡ್ರಿಯಲ್ಲಿ ಇಸ್ತ್ರಿಯವಳು, ಮೇಲೆ ಒಬ್ಬಳು ಅಕ್ಕ, ಕೆಳಗೆ ಯಾರೂ ಇಲ್ಲ. ಹಿಮದ ಮೇಲೆ ಸ್ಪರ್ಧೆಗಿಳಿಯುವವರಲ್ಲಿ ಬಹುತೇಕರು ಜಿಗಿದಾಗ ಗಾಳಿಯಲ್ಲಿ ಎಡಕ್ಕೆ ಸುತ್ತುತ್ತಾರೆ, ಇವಳು ಬಲಕ್ಕೆ. ನೆಲದ ಮೇಲೂ ಅಷ್ಟೇ: ಎಡಭುಜದ ಹಿಂದೆ ನಿಂತು ಯಾರಾದರೂ ಕರೆದರೆ, ಬಲಗಡೆಯಿಂದ ಮುಕ್ಕಾಲು ಸುತ್ತು ಬಳಸಿ ಬಂದೇ ಎದುರಾಗುವಳು. ತೋಳನ್ನು ಎರಡು ಮಡಿಕೆ ಮಡಿಚಿದ ತಂದೆಯ ಹಳೆಯ ಕೋಟು ಆ ಸುತ್ತಿಗೆ ಛತ್ರಿಯಂತೆ ಅರಳಿ ಪಕ್ಕದವರ ಕೈಯ ಚಹಾ ಚೆಲ್ಲುತ್ತಿತ್ತು.

ಬೂಟಿನ ಅಲಗುಗಳಿಗೆ ಸಾಣೆ ಹಿಡಿಯುವುದು ನನ್ನ ವೃತ್ತಿ. ರಿಂಕಿಗೆ ಅಂಟಿಕೊಂಡ ನನ್ನ ಕೋಣೆಗೆ ದಿನಕ್ಕೆ ಹತ್ತಾರು ಜೊತೆ ಬೂಟು ಬರುತ್ತಿದ್ದವು. ಚೀಟಿ ನೋಡದೆಯೇ ಅವಳದನ್ನು ಎತ್ತಿಡಬಲ್ಲವಳಾಗಿದ್ದೆ. ಎಡಕ್ಕೆ ಸುತ್ತುವವರು ಬಲಗಾಲಿನ ಮೇಲೆ ಇಳಿಯುವುದರಿಂದ ಅವರ ಬಲಗಾಲಿನ ಅಲಗು ಹೆಚ್ಚು ಸವೆದಿರುತ್ತದೆ. ಸವೆತವೆಲ್ಲ ಎಡಗಾಲಿನಲ್ಲಿರುತ್ತಿದ್ದುದು ಅವಳೊಬ್ಬಳದೇ.

ಒಂಬತ್ತು ವರ್ಷದವಳಾಗಿದ್ದಾಗ ಕೋಚ್ ಅವಳನ್ನು ಎಡಕ್ಕೆ ಒಗ್ಗಿಸಲು ಮೂರು ತಿಂಗಳು ಪಟ್ಟು ಹಿಡಿದರು. ಮಂಡಿಗಳು ನೀಲಿಗಟ್ಟಿದವೇ ಹೊರತು ಹುಡುಗಿ ಜಗ್ಗಲಿಲ್ಲ. ಕೊನೆಗೆ ತಂದೆಯನ್ನು ಕರೆಸಿದರು. ಆತ ಕೆಲಸದ ಸಮವಸ್ತ್ರದಲ್ಲೇ ಬಂದು, ಎಲ್ಲವನ್ನೂ ಸಾವಧಾನವಾಗಿ ಕೇಳಿ, “ಬಸ್ಸು ಯಾವ ಕಡೆ ತಿರುಗಿದ್ರೇನು ಸಾರ್, ನಿಲ್ದಾಣ ಮುಟ್ಟಿದ್ರೆ ಸಾಕಲ್ವಾ?” ಎಂದ. ಕೋಚ್ ಅಂದಿಗೆ ಆ ಪಟ್ಟು ಬಿಟ್ಟರು.

ಆದರೆ ಬಲಕ್ಕೆ ಸುತ್ತುವುದನ್ನು ಕಲಿಸುವವರು ಯಾರಿದ್ದರು? ರಿಂಕಿನ ಒಂದು ತುದಿಯ ಗೋಡೆ ಪೂರ್ತಿ ಗಾಜು. ಕೋಚ್ ಹೆಜ್ಜೆ ತೋರಿಸುವಾಗ ಉಳಿದ ಮಕ್ಕಳು ಅವರನ್ನು ನೋಡಿದರೆ, ಇವಳು ಅವರಿಗೆ ಬೆನ್ನು ಹಾಕಿ ಗಾಜಿನಲ್ಲಿನ ಪ್ರತಿಬಿಂಬವನ್ನು ನೋಡುತ್ತಿದ್ದಳು. ಅಲ್ಲಿ ಅವರ ಎಡವು ಬಲವಾಗಿರುತ್ತಿತ್ತು.

“ಏ, ನನ್ನ ಕಡೆ ನೋಡೇ!”

“ನೋಡ್ತಾನೇ ಇದೀನಿ ಸಾರ್. ನೀವು ಆ ಕಡೆ ಚೆನ್ನಾಗಿ ಸುತ್ತುತೀರಿ.”

ಹೀಗೆ ಗಾಜಿನೊಳಗಿನ ಗುರುವಿನಿಂದ ಕಲಿತ ವಿದ್ಯೆ ಅವಳನ್ನು ರಾಷ್ಟ್ರಮಟ್ಟಕ್ಕೆ ಒಯ್ದಿತು. ಜೊತೆಗೊಂದು ದೋಷವನ್ನೂ ಅಂಟಿಸಿತು. ಅತಿ ಕಠಿಣವಾದ ಮೂರು ಸುತ್ತಿನ ಜಿಗಿತಕ್ಕೆ ಹಿಮ್ಮುಖವಾಗಿ ಬಹುದೂರ ಜಾರಿ ಬರಬೇಕು. ಅಭ್ಯಾಸದ ವೇಳೆ ಹತ್ತಿಪ್ಪತ್ತು ಮಂದಿ ಒಂದು ದಿಕ್ಕಿನಲ್ಲಿ ಹರಿಯುವಾಗ ಎದುರು ಹರಿಯುವವಳು ಇವಳೊಬ್ಬಳೇ. ಆದ್ದರಿಂದ ಡಿಕ್ಕಿಯಾಗದಂತೆ ನೋಡಿಕೊಳ್ಳುವ ಹೊಣೆ ಯಾರೂ ಹೇಳದೆಯೇ ಇವಳ ಹೆಗಲೇರಿತ್ತು. ಜಿಗಿಯುವ ಮುನ್ನ ಒಮ್ಮೆ ಹೊರಳಿ ಹಿಂದೆ ನೋಡುವಳು. ಕತ್ತು ಹೊರಳಿದರೆ ಭುಜ ಸಡಿಲುತ್ತದೆ. ಭುಜ ಸಡಿಲಿದರೆ ಸುತ್ತು ಒಡೆಯುತ್ತದೆ. “ಸ್ಪರ್ಧೆ ದಿನ ಐಸ್ ಮೇಲೆ ನೀನೊಬ್ಬಳೇ ಇರ್ತೀಯಲ್ಲೇ, ಯಾರನ್ನ ಹುಡುಕ್ತೀಯಾ? ನೆಂಟರನ್ನಾ?” ಎಂದು ಕೋಚ್ ಹಲ್ಲು ಕಡಿಯುತ್ತಿದ್ದರು.

ಆ ವರ್ಷ ವಿಶ್ವಸ್ಪರ್ಧೆಗೆ ಮೂವರನ್ನು ಆರಿಸುವುದಿತ್ತು. ಅವಳ ಮಂಡಿ ನೋಡುತ್ತಿದ್ದ ವೈದ್ಯರು ಇನ್ನೊಂದು ವರ್ಷಕ್ಕೆ ಭರವಸೆ ಕೊಡಲೊಲ್ಲೆನೆಂದಿದ್ದರು. ಹದಿನೆಂಟು ವರ್ಷಗಳ ಬೆಳಗುಗಳೆಲ್ಲ ಆಯ್ಕೆ ಸ್ಪರ್ಧೆಯ ನಾಲ್ಕು ನಿಮಿಷಗಳಿಗೆ ಒತ್ತೆಯಾಗಿದ್ದವು. ಅಲಗು ನೋಡಿಕೊಳ್ಳಲೆಂದು ನಾನೂ ಹೋಗಿದ್ದೆ. ಸುಲಭವಾಗಿ ಮೆಚ್ಚುವ ಸ್ವಭಾವ ನನ್ನದಲ್ಲ. ಆದರೂ ಅಂದು ಮೊದಲ ಐದು ಜಿಗಿತಗಳಲ್ಲಿ ಅವಳು ಒಮ್ಮೆಯೂ ಹಿಂದೆ ನೋಡಲಿಲ್ಲವೆಂಬುದನ್ನು ಮೆಚ್ಚಿಕೊಂಡೆ. ಉಳಿದದ್ದು ಒಂದೇ, ಆ ಉದ್ದನೆಯ ಓಟದ ಜಿಗಿತ. ಖಾಲಿ ಹಿಮದ ಮೇಲೆ ಹಿಮ್ಮುಖವಾಗಿ ಜಾರಿ ಬಂದಳು, ಮಂಡಿ ಬಾಗಿಸಿದಳು, ಕತ್ತು ಹೊರಳಿತು. ಮೂರು ಸುತ್ತಾಗಬೇಕಾದದ್ದು ಒಂದಾಯಿತು. ಪಟ್ಟಿಯಲ್ಲಿ ನಾಲ್ಕನೆಯವಳಾದಳು.

ಉಡುಪಿನ ಕೋಣೆಯಲ್ಲಿ ಅವಳ ಬೂಟಿನ ದಾರ ಸಡಿಲಿಸುತ್ತ ಕೇಳಿದೆ: “ಅಲ್ಲಿ ಯಾರಿದ್ರೇ?”

“ಯಾರೂ ಇರಲಿಲ್ಲ ಅಂತ ನಂಗೆ ಗೊತ್ತಿತ್ತು ಅಕ್ಕಾ. ಈ ಕತ್ತಿಗೆ ಗೊತ್ತಿರಲಿಲ್ಲ.”

ಅಷ್ಟು ಹೇಳಿ ನಕ್ಕಳು. ನಗು ಮುಗಿಯುವ ಮೊದಲೇ ಮುಖಕ್ಕೆ ಟವೆಲು ಮುಚ್ಚಿಕೊಂಡಳು. ನಾನು ಅಲಗಿನ ನೀರು ಒರೆಸಿದೆ.

ಸ್ಪರ್ಧೆ ಬಿಟ್ಟವಳು ರಿಂಕು ಬಿಡಲಿಲ್ಲ. ಕೋಚ್‌ಗೆ ಸಹಾಯಕಳಾಗಿ ಸೇರಿ, ಮೊದಲ ವಾರವೇ ಒಂದು ಬೇಡಿಕೆ ಇಟ್ಟಳು. ಪ್ರತಿ ಬುಧವಾರ ಬೆಳಿಗ್ಗೆ ಅರ್ಧ ಗಂಟೆ, ಬಲಕ್ಕೆ ಸುತ್ತುವ ಮಕ್ಕಳಿಗೆ ಉಳಿದವರೆಲ್ಲ ದಾರಿ ಬಿಡಬೇಕು.

“ಎರಡು ಮಕ್ಕಳಿಗೋಸ್ಕರ ಇಪ್ಪತ್ತು ಮಕ್ಕಳ ಅಭ್ಯಾಸ ಹಾಳು ಮಾಡ್ತೀಯಾ?” ಎಂದು ಕೋಚ್ ಕೆರಳಿದರು.

“ಹಾಳಾಗಲ್ಲ ಸಾರ್. ವಾರಕ್ಕೆ ಅರ್ಧ ಗಂಟೆ ಹಿಂದೆ ನೋಡಿದ್ರೆ ಯಾರ ಕತ್ತೂ ಉಳುಕಲ್ಲ. ದಿನಾ ನೋಡಿದೋಳು ನಾನು, ನನ್ನ ಕೇಳಿ.”

ಕೋಚ್ ವೇಳಾಪಟ್ಟಿಯ ಹಲಗೆಯ ಬಳಿ ಹೋಗಿ, ಬುಧವಾರದ ಸಾಲನ್ನು ತಾವೇ ಒರೆಸಿ ಹೊಸದಾಗಿ ಬರೆದರು.

ಹನ್ನೊಂದು ವರ್ಷ ಕಲಿಸಿ, ಕಳೆದ ಬೇಸಿಗೆಯಲ್ಲಿ ಅವಳು ದೂರದ ರಿಂಕೊಂದಕ್ಕೆ ಮುಖ್ಯ ತರಬೇತುದಾರಳಾಗಿ ಹೊರಟುಹೋದಳು. ನಾಲ್ಕನೆಯ ಸ್ಥಾನದವರ ಹೆಸರು ಫಲಕಗಳಲ್ಲಿ ಕೆತ್ತಲ್ಪಡುವುದಿಲ್ಲ. ಆದರೆ ಪ್ರವಾಹಕ್ಕೆ ಎದುರಾಗಿ ನಡೆದು, ಎಲ್ಲರಿಗೂ ದಾರಿ ಬಿಟ್ಟೇ ಬೆಳೆದವರಲ್ಲಿ ಕೆಲವರು ಮಾತ್ರ ಆ ನೋವನ್ನು ಕಹಿಯಾಗಿಸಿಕೊಳ್ಳದೆ ನಿಯಮವಾಗಿಸಿ ಹೋಗುತ್ತಾರೆ. ಅಂಥವರಿಗೆ ಗೆಲುವು ತಮ್ಮ ಕಾಲದಲ್ಲಿ ಬರುವುದಿಲ್ಲ, ಬೇರೆಯವರ ಕಾಲಿಗೆ ಬರುತ್ತದೆ. ಅವಳು ಇಲ್ಲಿ ಬಿಟ್ಟುಹೋದವು ಇಷ್ಟು: ಬೀಗದ ಕೈ ಕಳೆದ ಒಂದು ಪೆಟ್ಟಿಗೆ; ಬಲಸುತ್ತಿನ ಹೆಜ್ಜೆಗಳನ್ನು ಪೆನ್ಸಿಲಿನಲ್ಲಿ ಬರೆದ ಎರಡು ನೋಟುಪುಸ್ತಕ; ಬುಧವಾರದ ಅರ್ಧ ಗಂಟೆ; ಮತ್ತು ನನ್ನ ಕೋಣೆಗೆ ಬರುವ, ಎಡಗಾಲಿನ ಅಲಗು ಸವೆದ, ಐದು ಜೊತೆ ಪುಟ್ಟ ಬೂಟು.