ಕೈಯಲ್ಲೊಂದು ಬಶಿ

ನಾರಾಯಣಖೇಡದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಂಗಮೇಶನ ಆನ್‌ಲೈನ್ ಸೇವಾ ಕೇಂದ್ರವಿದೆ. ಕೆಳಗೆ ಆಧಾರ್, ಪಹಣಿ, ಪರೀಕ್ಷೆ ಅರ್ಜಿಗಳ ಗದ್ದಲ. ಮೇಲೆ ತಗಡು ಹೊದಿಸಿದ ಒಂದು ಉದ್ದನೆಯ ಕೋಣೆ. ತಿಂಗಳ ಎರಡನೇ ಭಾನುವಾರ ಆ ಕೋಣೆಯಲ್ಲಿ ಕಂಪ್ಯೂಟರು, ವೈರು, ಸೆನ್ಸರು ಅಂತ ಹುಚ್ಚು ಹಿಡಿದ ಹದಿನೈದಿಪ್ಪತ್ತು ಮಂದಿ ಸೇರುತ್ತಾರೆ. ಅಲ್ಲಿ ಮೇಷ್ಟ್ರು ಅಂತ ಯಾರೂ ಇಲ್ಲ. ಹೋದ ತಿಂಗಳು ಕಲಿತವರು ಈ ತಿಂಗಳು ಕಲಿಸಬೇಕು, ಅಷ್ಟೇ ಕರಾರು.

ಇದನ್ನು ಹುಟ್ಟುಹಾಕಿದವಳು ಸಂಪದಾ. ಜಹೀರಾಬಾದಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಮೂರು ವರ್ಷದಿಂದ ಮೊದಲ ಭಾನುವಾರ ಜಹೀರಾಬಾದು, ಎರಡನೆಯದು ನಾರಾಯಣಖೇಡ, ಮೂರನೆಯದು ತಾಂಡೂರು ಎಂದು ಬಸ್ಸು ಹತ್ತಿ ಇಳಿದು ಅವಳ ಚಪ್ಪಲಿ ಸವೆದಿದ್ದವು. ಗಂಡ ಅನಿಕೇತ ಸಮಾಧಾನದ ಮನುಷ್ಯ. ಅವನೂ ಒಂದು ದಿನ ಕೇಳಿಯೇಬಿಟ್ಟಿದ್ದ: "ನಾಲ್ಕರಾಗ ಒಂದು ಐತವಾರ ನನಗ ಸಿಗ್ತದ. ಅದರಾಗೂ ನೀ ಫೋನಿನ್ಯಾಗೇ ಇರ್ತಿ. ಹಿಂಗಾದ್ರ ಹ್ಯಾಂಗ?"

ಈ ಕೂಟಕ್ಕೆ ಸಂಪದಾ ಮಾಡಿದ ಕಾನೂನು ಒಂದೇ ಒಂದು. ಯಾರಾದರೂ ಕೆಲಸದ ನಡುವೆ ತಿಳಿಯದೆ ಸಿಕ್ಕಿಕೊಂಡರೆ, ನೆರವಿಗೆ ಬರುವವರು ಚಹಾ ತುಂಬಿದ ಬಶಿಯನ್ನು, ಅಂದರೆ ಸಾಸರನ್ನು, ಎರಡೂ ಕೈಯಲ್ಲಿ ಹಿಡಿದು ನಿಲ್ಲಬೇಕು. ಬಾಯಿಂದ ಎಷ್ಟು ಬೇಕಾದರೂ ಹೇಳಲಿ, ಇನ್ನೊಬ್ಬರ ಮೌಸು ಮುಟ್ಟಬಾರದು. ಮುಟ್ಟಲು ಹೋದರೆ ಚಹಾ ಚೆಲ್ಲುತ್ತದೆ, ನಾಲ್ಕು ಮಂದಿ ನಗುತ್ತಾರೆ. ಬಹಳ ಒಳ್ಳೆಯ ಕಾನೂನು. ಆದರೆ ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂದಹಾಗೆ, ಮೂರು ವರ್ಷದಲ್ಲಿ ಅತಿ ಹೆಚ್ಚು ಚಹಾ ಚೆಲ್ಲಿದವಳು ಆ ಕಾನೂನು ಮಾಡಿದವಳೇ. ಯಾರಾದರೂ ಅರ್ಧ ನಿಮಿಷ ತಡವರಿಸಿದರೆ ಅವಳ ಜೀವ ಚಡಪಡಿಸುತ್ತಿತ್ತು. "ಸರೀರಿ, ನಾ ತೋರಸ್ತೀನಿ" ಎಂದು ನುಗ್ಗಿಬಿಡುತ್ತಿದ್ದಳು. ಚಹಾದ ಕಲೆಯಾಗದ ಅವಳ ಸೀರೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಅದರ ಫಲ ಈ ಚಳಿಗಾಲದಲ್ಲಿ ಕಂಡಿತು. ಕಾಲೇಜಿನ ಪರೀಕ್ಷೆ ಕೆಲಸದಿಂದ ಸಂಪದಾ ಎರಡು ತಿಂಗಳು ನಾರಾಯಣಖೇಡಕ್ಕೆ ಹೋಗಲಾಗಲಿಲ್ಲ. ಮೊದಲ ತಿಂಗಳು ಆರು ಮಂದಿ ಬಂದು ಚಹಾ ಕುಡಿದು ಎದ್ದು ಹೋದರು. ಎರಡನೇ ತಿಂಗಳು ಬಾಗಿಲೇ ತೆರೆಯಲಿಲ್ಲ. "ನೀವಿಲ್ಲಂದ್ರ ಇದು ನಡ್ಯಂಗಿಲ್ರಿ ಮೇಡಂ" ಎಂದ ಸಂಗಮೇಶ. ಅವನು ಹೊಗಳಿಕೆ ಎಂದೇ ಹೇಳಿದ್ದು. ಅವಳಿಗೆ ಕಪಾಳಕ್ಕೆ ಬಿದ್ದಂತಾಯಿತು. ತಾನು ಹೋದರೆ ಮಾತ್ರ ನಡೆಯುವುದಾದರೆ ಅದು ಕೂಟವಲ್ಲ, ಟ್ಯೂಷನ್ನು. ಟ್ಯೂಷನ್ನೇ ಮಾಡುವುದಿದ್ದರೆ ಮನೆಯಲ್ಲೇ ಮಾಡಬಹುದಿತ್ತು.

ಹಾಗಾಗಿ ಈ ಭಾನುವಾರ ಅವಳು ಒಂದು ನಿರ್ಧಾರ ಮಾಡಿಕೊಂಡು ಬಸ್ಸು ಹತ್ತಿದ್ದಳು. ಕೊನೆಯ ಬೆಂಚಿನಲ್ಲಿ ಕೂರುವುದು. ಕೈ ಹಾಕುವುದಿರಲಿ, ಬಾಯಿಯನ್ನೂ ತೆರೆಯುವುದಿಲ್ಲ. ತನ್ನ ಬಾಯಿಲ್ಲದೆ ಇವತ್ತು ನಡೆದರೆ ಸರಿ. ಇಲ್ಲದಿದ್ದರೆ ನಾರಾಯಣಖೇಡದ ಕೂಟವನ್ನು ಮುಚ್ಚಿ, ಜಹೀರಾಬಾದು, ತಾಂಡೂರು ಎರಡನ್ನೇ ಇಟ್ಟುಕೊಳ್ಳುವುದು. ಮುಚ್ಚುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಮೂರರಲ್ಲಿ ಅವಳಿಗೆ ಹೆಚ್ಚು ಪ್ರೀತಿಯದು ಇದೇ.

ಇವತ್ತು ಕಲಿಸುವ ಸರದಿ ಜಗದೇವಿಯದು. ಸಿರ್ಗಾಪುರದ ಒಕ್ಕಲುತನದ ಹೆಣ್ಣುಮಗಳು, ಹತ್ತನೇ ಪಾಸು. ಕಬ್ಬಿನ ಹೊಲಕ್ಕೆ ನೀರು ಬಿಟ್ಟಾಗ ಕಡೆಯ ಸಾಲಿಗೆ ಮುಟ್ಟಿತೋ ಇಲ್ಲವೋ ಎಂದು ನೋಡಲು ಅಷ್ಟುದ್ದ ನಡೆಯಬೇಕಲ್ಲ, ಆ ತಾಪತ್ರಯ ತಪ್ಪಿಸಲು ಅವಳೊಂದು ಯಂತ್ರ ಮಾಡಿದ್ದಳು. ಎರಡು ಹಲ್ಲಿನ ಚಿಕ್ಕ ಸೆನ್ಸರನ್ನು ಕಡೆಯ ಸಾಲಿನಲ್ಲಿ ನೆಡುವುದು. ನೀರು ತಾಕಿದರೆ ಫೋನಿಗೆ ಮೆಸೇಜು ಬರಬೇಕು. ಅದನ್ನು ಮಾಡುವುದು ಹೇಗೆಂದು ಇವತ್ತು ಉಳಿದವರಿಗೆ ಕಲಿಸುವವಳಿದ್ದಳು. ಎದುರಿಗೆ ಒಂದು ಡಬ್ಬಿಯಲ್ಲಿ ಒಣ ಮಣ್ಣು, ಒಂದು ಲೋಟ ನೀರು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಅವಳು ಬರೆದ ಪ್ರೋಗ್ರಾಮು ದೊಡ್ಡದಾಗಿ ಬಿದ್ದಿತ್ತು.

"ಮೊದ್ಲು ನೀರಾಗ ಅದ್ದಿ ತೋರಸ್ತೀನಿ ನೋಡ್ರಿ" ಎಂದು ಜಗದೇವಿ ಸೆನ್ಸರನ್ನು ಲೋಟಕ್ಕೆ ಇಳಿಸಿದಳು. ಫೋನು ಟಿಂಗ್ ಎಂದಿತು. ಎಲ್ಲರಿಗೂ ಖುಷಿ. "ಈಗ ಒಣಾ ಮಣ್ಣಾಗ ಹಾಕ್ತೀನಿ, ಸುಮ್ಮಾಗ್ತದ" ಎಂದು ಡಬ್ಬಿಯಲ್ಲಿ ನೆಟ್ಟಳು. ಟಿಂಗ್. ಟಿಂಗ್. ಟಿಂಗ್. ಫೋನು ಸುಮ್ಮನಾಗಲೇ ಇಲ್ಲ. ಒಣ ಮಣ್ಣಿನಲ್ಲಿ ಕೂತು ನೀರು ಬಂತು, ನೀರು ಬಂತು ಎಂದು ಬಡಿದುಕೊಳ್ಳತೊಡಗಿತು.

ಜಗದೇವಿಯ ಮುಖ ಇಳಿಯಿತು. ಬರೆದದ್ದನ್ನು ಮೇಲಿನಿಂದ ಕೆಳಗೆ ಓದಿದಳು. ವೈರು ಅಲುಗಾಡಿಸಿದಳು. ಮತ್ತೆ ಓದಿದಳು.

ಕೊನೆಯ ಬೆಂಚಿನಲ್ಲಿದ್ದ ಸಂಪದಾಗೆ ಗೋಡೆ ನೋಡಿದ ಕೂಡಲೇ ತಪ್ಪು ಕಂಡುಬಿಟ್ಟಿತು. ಸೆನ್ಸರಿನ ಅಂಕಿ ಐನೂರಕ್ಕಿಂತ ಕಡಿಮೆಯಾದರೆ ಮೆಸೇಜು ಕಳಿಸು ಎಂದು ಬರೆದಿದ್ದಾಳೆ. ನೀರು ಹೆಚ್ಚಾದರೆ ಅಂಕಿ ಹೆಚ್ಚಾಗಬೇಕಲ್ಲ? ಗುರುತು ತಿರುವಿ ಬಿದ್ದಿದೆ. ಒಂದೇ ಒಂದು ಚಿಹ್ನೆ, ಎರಡು ಸೆಕೆಂಡಿನ ಕೆಲಸ! ಅವಳ ನಾಲಿಗೆ ತುರಿಸಿತು. ಮುಂದೆ ಕೂತವರು ಒಬ್ಬೊಬ್ಬರಾಗಿ ಕುತ್ತಿಗೆ ತಿರುಗಿಸಿ ಅವಳನ್ನು ನೋಡತೊಡಗಿದರು. ಸಂಗಮೇಶನಂತೂ ಕಣ್ಣಲ್ಲೇ ಬೇಡಿಕೊಂಡ. ಜಗದೇವಿಯೂ ತಿರುಗಿ, "ಮೇಡಂ..." ಎಂದಳು.

ಸಂಪದಾ ಕೈಯಲ್ಲಿದ್ದ ಬಶಿಯ ಚಹಾವನ್ನು ಸುರ್ ಎಂದು ಬಾಯಿಗೆ ತುಂಬಿಕೊಂಡಳು. ನುಂಗಲಿಲ್ಲ. ಬಾಯಿ ತುಂಬಿದ್ದರೆ ಮಾತು ಹೊರಡುವುದಿಲ್ಲ, ಬೇರೆ ಉಪಾಯ ಅವಳಿಗೆ ತೋಚಲಿಲ್ಲ. ಕೆನ್ನೆ ಉಬ್ಬಿಸಿಕೊಂಡು ತಗಡಿನ ಮಾಡನ್ನು ನೋಡುತ್ತ ಕುಳಿತಳು.

ಮುಂದೆ ಫೋನು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು, ಯಾರೂ ಏಳಲಿಲ್ಲ. ಆಯಿತು, ಇಲ್ಲಿಗೆ ಮುಗಿಯಿತು ಎಂದುಕೊಂಡಳು ಸಂಪದಾ, ಅವಳಿಗೆ ಅಳು ಬರುವಂತಾಯಿತು.

ಆಗ ಎದ್ದವಳು ಮಾಣಿಕಮ್ಮ. ಕಂಗ್ಟಿಯವಳು, ಹೊಲವೇ ಜೀವನವಾದ ಐವತ್ತೈದರ ಹೆಂಗಸು. ಇಲ್ಲಿಗೆ ಬಂದು ಫೋನಿನಲ್ಲಿ ಜೋಳದ ಪೇಟೆ ಧಾರಣೆ ನೋಡುವುದು ಕಲಿತಿದ್ದಳು. ಬಶಿ ಹಿಡಿದುಕೊಂಡೇ ಮುಂದೆ ಹೋಗಿ, ಬಗ್ಗಿ ಡಬ್ಬಿಯನ್ನು ನೋಡಿದಳು.

"ಯವ್ವಾ ಜಗದೇವಿ, ಈಗರ ನೀರಾಗ ಅದ್ದಿದ್ದಿ. ಒರಸದೇ ಮಣ್ಣಾಗ ನೆಟ್ಟಿ. ಹಲ್ಲಿಗಿ ಹಸಿ ಮಣ್ಣು ಮೆತ್ಕೊಂಡು ಕುಂತದ ನೋಡು. ಪಾಪ, ಅದಕ್ಕ ನೀರ ಅಂತನೇ ಅನಸ್ತದ."

ಜಗದೇವಿ ಸೆನ್ಸರನ್ನು ಎಳೆದು, ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿ, ಡಬ್ಬಿಯ ಇನ್ನೊಂದು ಮೂಲೆಯ ಒಣ ಮಣ್ಣಿನಲ್ಲಿ ನೆಟ್ಟಳು. ಫೋನು ಸುಮ್ಮನಾಯಿತು. ಬುಡಕ್ಕೆ ನೀರು ಹನಿಸಿದಳು. ಟಿಂಗ್. ಕೋಣೆಯಲ್ಲಿ ಹೋ ಎಂದು ಕೂಗೆದ್ದಿತು.

ಸಂಪದಾ ಚಹಾ ನುಂಗಿದಳು. ಅವಳಿಗೆ ಅರ್ಥವಾಗಲಿಲ್ಲ. ಗುರುತು ತಿರುವಿದ್ದರೆ ಇದು ಹೇಗೆ ಸರಿಹೋಯಿತು? ಬಾಯಿ ತೆರೆಯುವುದಿಲ್ಲ ಎಂಬ ಶಪಥ ಅಲ್ಲಿಗೆ ಮುಗಿದು, ಅವಳು ಕೈ ಎತ್ತಿದಳು.

"ಜಗದೇವಿ, ನನಗೊಂದು ತಿಳೀಲಿಲ್ಲ. ನೀರು ಬಂದ್ರ ಅಂಕಿ ಏರಬೇಕಲ್ಲ? ಕಡಿಮಿ ಅಂತ ಯಾಕ ಬರದಿ? ನಾ ಅದೇ ತಪ್ಪಂತ ತಿಳ್ಕೊಂಡಿದ್ದೆ."

"ಇಲ್ರೀ ಮೇಡಂ, ಇದು ಉಲ್ಟಾ ಅದ" ಎಂದಳು ಜಗದೇವಿ. ದನಿಯಲ್ಲಿ ಈಗ ಅಂಜಿಕೆ ಇರಲಿಲ್ಲ. "ಒಣಾ ಇದ್ರ ಸಾವಿರದ ಮಟ ಏರ್ತದ, ಹಸಿ ಆದ್ರ ಇಳೀತದ. ನಾ ಹೊಲದಾಗ ಹದಿನೈದು ದಿನ ನೋಡಿ ಬರಕೊಂಡೀನ್ರಿ." ಎಂದವಳೇ ಅಂಕಿ ತುಂಬಿದ ನೋಟುಬುಕ್ಕನ್ನು ಎತ್ತಿ ಹಿಡಿದಳು.

ಮೊದಲು ಲೋಟದ ನೀರಿನಲ್ಲಿ ಅದು ಸರಿಯಾಗಿಯೇ ಟಿಂಗ್ ಎಂದಿದ್ದನ್ನು ಅವಸರದಲ್ಲಿ ಮರೆತಿದ್ದ ಸಂಪದಾ ಈಗ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಾನು ನುಗ್ಗಿ ಗುರುತು ತಿರುಗಿಸಿದ್ದರೆ ಹಸಿ ಸೆನ್ಸರು ಥಟ್ಟನೆ ಸುಮ್ಮನಾಗುತ್ತಿತ್ತು. ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು. ಜಗದೇವಿ ಅದನ್ನೇ ಒಯ್ದು ಹೊಲದಲ್ಲಿ ನೆಡುತ್ತಿದ್ದಳು, ಅದು ಬಿಸಿಲಿಗೆ ಬಿರಿದ ಸಾಲಿನಲ್ಲಿ ನಿಂತು ನೀರು ಬಂತು ಎಂದು ಸಾರುತ್ತಿತ್ತು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗದು ಎಂದ ಮುದುಕಿಯ ಸಾಲಿಗೆ ತಾನೂ ಸೇರಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಮೂರು ವರ್ಷದಲ್ಲಿ ಹೀಗೆ ನುಗ್ಗಿ ಎಷ್ಟು ಸರಿಯಾದದ್ದನ್ನು ಕೆಡಿಸಿರಬಹುದು ಎಂದು ನೆನೆಯಲು ಧೈರ್ಯ ಸಾಲಲಿಲ್ಲ.

ಆಮೇಲೆ ಅವಳನ್ನು ನೋಡಲು ಯಾರಿಗೂ ಪುರಸೊತ್ತಾಗಲಿಲ್ಲ. ಸೆನ್ಸರು ತುಕ್ಕು ಹಿಡಿದರೆ ಏನು ಗತಿ ಎಂದು ಒಬ್ಬ ಕೇಳಿದ. ಕನ್ನಡ, ತೆಲುಗು, ದಖ್ಖನಿ ಮೂರರಲ್ಲೂ ವಾದ ಹತ್ತಿತು. ರಾಯಿಕೋಡಿನ ಮೌನೇಶ ಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಅವನು ಪೆನ್ಸಿಲಿನೊಳಗಿನ ಕಡ್ಡಿಯನ್ನೇ ಹಲ್ಲಾಗಿ ಬಳಸಿ ನೋಡೋಣ ಎಂದ. ಹಾಗಾದರೆ ಮುಂದಿನ ತಿಂಗಳು ನೀನೇ ಮಾಡಿ ತೋರಿಸು ಎಂದು ಎಲ್ಲರೂ ಅವನ ಕುತ್ತಿಗೆಗೆ ಕಟ್ಟಿದರು. ಸಂಗಮೇಶ ಕ್ಯಾಲೆಂಡರ್ ನೋಡಿ, ಎರಡನೇ ಭಾನುವಾರ ಹದಿನಾಲ್ಕನೇ ತಾರೀಕು ಎಂದು ಬೋರ್ಡಿನ ಮೇಲೆ ಬರೆದ.

ಸಂಪದಾ ಆ ತಾರೀಕು ನೋಡಿ ಗಾಬರಿಯಾದಳು. ಅವತ್ತು ತಾಂಡೂರಿನಲ್ಲಿ ಅಕ್ಕನ ಮಗಳು ವರದಾಳ ನಿಶ್ಚಿತಾರ್ಥ. ಎರಡನೇ ಭಾನುವಾರವೇ ಆದರೂ ತಾರೀಕು ಗೊತ್ತುಮಾಡುವ ಮುಂಚೆ ಯಾವಾಗಲೂ ಅವಳನ್ನು ಕೇಳುತ್ತಿದ್ದರು. ಇವತ್ತು ಯಾರೂ ಕೇಳಿರಲಿಲ್ಲ.

"ಅವತ್ತು ನನಗ ಬರಾಕ ಆಗಂಗಿಲ್ಲ" ಎಂದಳು.

ಸಂಗಮೇಶ ತಿರುಗಿಯೂ ನೋಡದೆ ವೇಳೆ ಬರೆಯುತ್ತಲೇ ಹೇಳಿದ: "ಪರವಾಗಿಲ್ರಿ ಮೇಡಂ. ಏನೇನ್ ಕಲ್ತಿವಿ, ಆಮ್ಯಾಲ ನಿಮಗೂ ಹೇಳಿ ಕೊಡ್ತೀವಿ."

ಎದೆಯಲ್ಲಿ ಸಣ್ಣಗೆ ಚುರುಕ್ ಎಂದಿತು, ಸುಳ್ಳು ಯಾಕೆ ಹೇಳಬೇಕು. ಅದರ ಬೆನ್ನಿಗೇ ಅವಳಿಗೆ ತಡೆಯಲಾರದಷ್ಟು ಸಂತೋಷವಾಯಿತು.

"ಹೂಂ" ಎಂದಳು ಸಂಪದಾ. "ನಿಧಾನಕ್ಕ ಹೇಳ್ರಿ, ನನಗ ಲಗೂನ ತಿಳ್ಯಂಗಿಲ್ಲ."